ರಾಶಿಗೆ ಕಪ್ಪು, ಬೆಟ್ಟೆಗೆ ನೀಲಿ

ಶಿರಸಿ ಮಾರುಕಟ್ಟೆಯ ಅಡಿಕೆ ದರದ ಗ್ರಾಫನ್ನು ನಾನು ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಡುತ್ತೇನೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಅಂತ ಅಡಿಕೆಯಲ್ಲಿ ಐದು ಬಗೆ, ಒಂದೊಂದಕ್ಕೂ ಒಂದು ಗೆರೆ. ಟೆಂಡರ್ ಮುಗಿದು ದರ ಬಂದ ಮೇಲೆ ಅದು ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಯಾರಾದರೂ ಪ್ರಿಂಟ್ ತೆಗೆದು ಸಂಘದ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಅದು ಕಪ್ಪು-ಬಿಳುಪು ಪ್ರಿಂಟ್. ಹಾಗಾಗಿ ನನ್ನ ಬಣ್ಣಗಳು ಮೊಬೈಲಿನಲ್ಲೂ ಕಾಣಬೇಕು, ಬೋರ್ಡಿನ ಮೇಲೂ ಕಾಣಬೇಕು.

ಬಣ್ಣ ಹೇಳದಿದ್ದರೆ ಜಿಜಿಪ್ಲಾಟ್2 (ಆರ್‌ನಲ್ಲಿ ಗ್ರಾಫ್ ಬಿಡಿಸುವ ಪ್ಯಾಕೇಜ್) ತಾನೇ ಆರಿಸಿ ಕೊಡುತ್ತದೆ. ಬಣ್ಣದ ಚಕ್ರವನ್ನು ಸಮ ಭಾಗ ಮಾಡಿ, ಎಲ್ಲಕ್ಕೂ ಒಂದೇ ಗಾಢತೆ ಇಟ್ಟು ಆರಿಸುತ್ತದೆ. ಯಾವ ಗೆರೆಯೂ ಮುಂದೆ ನುಗ್ಗಬಾರದು ಎನ್ನುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಗಾಢತೆ ಒಂದೇ ಆದರೆ ಪ್ರಿಂಟಿನಲ್ಲಿ ರಾಶಿ, ಬೆಟ್ಟೆ, ಚಾಲಿ ಎಲ್ಲವೂ ಒಂದೇ ಬೂದು ಗೆರೆ!

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕೆಂಪುಗೋಟು ಮಾರುಕಟ್ಟೆಗೆ ಬಾರದ ವಾರ ಆ ಸಾಲು ಡೇಟಾದಲ್ಲಿ ಇರುವುದಿಲ್ಲ. ಆಗ ಐದು ಬಣ್ಣದ ಜಾಗದಲ್ಲಿ ನಾಲ್ಕು ಬರುತ್ತವೆ, ಚಕ್ರ ಬೇರೆ ರೀತಿ ಭಾಗವಾಗುತ್ತದೆ, ಉಳಿದ ಅಡಿಕೆಗಳ ಬಣ್ಣವೂ ಬದಲಾಗುತ್ತದೆ. ಕಳೆದ ವಾರ ರಾಶಿಯ ಗೆರೆಯನ್ನು ಬಣ್ಣದಿಂದ ನೆನಪಿಟ್ಟುಕೊಂಡವರು ಈ ವಾರ ಬೇರೆ ಗೆರೆ ನೋಡಿ ಲೆಕ್ಕ ಹಾಕುತ್ತಾರೆ. ಚೀಲ ಈಗ ಕೊಡಬೇಕೋ, ಇನ್ನೂ ಇಟ್ಟುಕೊಳ್ಳಬೇಕೋ ಅಂತ ನಿರ್ಧರಿಸುವ ಜನ ಅವರು.

ಅದಕ್ಕೇ ನನ್ನ ಪ್ಯಾಲೆಟ್‌ನಲ್ಲಿ, ಅಂದರೆ ಬಣ್ಣಗಳ ಪಟ್ಟಿಯಲ್ಲಿ, ಪ್ರತಿ ಬಣ್ಣಕ್ಕೂ ಅಡಿಕೆಯ ಹೆಸರು ಕಟ್ಟಿರುತ್ತದೆ. ಆರ್‌ನಲ್ಲಿ ಇದು ಹೆಸರುಳ್ಳ ಒಂದು ವೆಕ್ಟರ್, ಅಂದರೆ ಪ್ರತಿ ಬೆಲೆಗೂ ಹೆಸರಿಟ್ಟ ಸಾಲು, ಅಷ್ಟೇ. ‘ರಾಶಿ’, ‘ಬೆಟ್ಟೆ’ ಅಂತ ಉದ್ಧರಣ ಚಿಹ್ನೆಯೊಳಗೆ ಕನ್ನಡದಲ್ಲೇ ಬರೆಯಬಹುದು. ಅದನ್ನು ಬಣ್ಣ ನಾವೇ ಹೇಳುವ ಸ್ಕೇಲ್ ಕಲರ್ ಮ್ಯಾನ್ಯುವಲ್ (scale_color_manual) ಫಂಕ್ಷನ್ನಿನ ವ್ಯಾಲ್ಯೂಸ್‌ಗೆ (values) ಕೊಟ್ಟರೆ ಸಾಕು. ಕೆಂಪುಗೋಟು ಬರಲಿ, ಬಿಡಲಿ, ರಾಶಿಯ ಬಣ್ಣ ಬದಲಾಗುವುದಿಲ್ಲ. ಆರ್‌ಜಿಬಿ ಅಂಕಿ (ಒಂದು ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎನ್ನುವ ಮೂರು ಅಂಕಿ) ಹಾಕುವವರು ಒಂದು ವಿಷಯ ನೋಡಿಕೊಳ್ಳಿ. ಆರ್ ಭಾಷೆ 0ಯಿಂದ 1ರ ನಡುವಿನ ಅಂಕಿ ಕೇಳುತ್ತದೆ. 255ರ ಲೆಕ್ಕದಲ್ಲಿ ಕೊಡುವುದಾದರೆ ಗರಿಷ್ಠ 255 ಅಂತ ಅದಕ್ಕೆ ತಿಳಿಸಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ.

ಯಾವ ಬಣ್ಣ ಎನ್ನುವ ಪ್ರಶ್ನೆ ಬಂದಾಗ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಅವರಿಗೆ ಕೆಂಪು-ಹಸಿರು ಬೇರೆಯಾಗಿ ಕಾಣುವುದಿಲ್ಲ. ಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯಬೇಕು, ಅದನ್ನು ನೋಡಲು ಬೇರೆಯವರನ್ನು ಕರೆಯುತ್ತಾರೆ. ಕೆಂಪು-ಹಸಿರು ಗೆರೆಯ ಗ್ರಾಫ್ ಯಾರು ಕಳಿಸಿದರೂ ಫೋನು ನನಗೇ ಬರುತ್ತದೆ. “ಕೂಸೇ, ಇದ್ರಲ್ಲಿ ರಾಶಿ ಗೆರೆ ಯಾವ್ದೇ?” ಇದು ಅಪರೂಪದ್ದಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಹೀಗಿದೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಹೆಂಗಸರಲ್ಲಿ ಬಹಳ ಕಡಿಮೆ.

ಜಪಾನಿನ ಮಸಾತಾಕ ಒಕಾಬೆ ಮತ್ತು ಕೇಯ್ ಇಟೊ ಇಂಥವರಿಗೂ ಬೇರೆಬೇರೆಯಾಗಿ ಕಾಣುವ ಎಂಟು ಬಣ್ಣ ಆರಿಸಿಟ್ಟಿದ್ದಾರೆ. 2020ರಲ್ಲಿ ಬಂದ ಆರ್ 4.0.0 ಆವೃತ್ತಿಯಿಂದ ಅವು ಪ್ಯಾಲೆಟ್ ಕಲರ್ಸ್ ಎಂಬ ಫಂಕ್ಷನ್ನಿನಲ್ಲಿ ಸಿಗುತ್ತವೆ. ನಾನು ಅಲ್ಲಿಂದಲೇ ಶುರು ಮಾಡಿದೆ. ಆದರೆ ಪ್ರಿಂಟಿಗೆ ಹೇಗೆ ಅಂತ ನೋಡಬೇಕಲ್ವಾ? ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಗುಣಿಸಿ ಕೂಡಿಸಿದರೆ ಪ್ರಿಂಟಿನ ಬೂದು ಬಣ್ಣದ ಅಂಕಿ ಬರುತ್ತದೆ; 0 ಅಂದರೆ ಕಪ್ಪು, 255 ಅಂದರೆ ಬಿಳಿ. ಕಿತ್ತಳೆ (230, 159, 0) 162ಕ್ಕೆ ಬಂದು ನಿಂತಿತು. ಆಕಾಶನೀಲಿ (86, 180, 233) 158! ಮೊಬೈಲಿನಲ್ಲಿ ಅಷ್ಟು ಬೇರೆಯಾಗಿ ಕಾಣುವ ಎರಡು ಬಣ್ಣ ಪ್ರಿಂಟಿನಲ್ಲಿ ಒಂದೇ. ದೊಡ್ಡಪ್ಪನಿಗೆ ಹೊಂದುವ ಬಣ್ಣ ನೋಟಿಸ್ ಬೋರ್ಡಿಗೂ ಹೊಂದುತ್ತದೆ ಅಂತಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಲೇಬೇಕು.

ಕೊನೆಗೆ ಹೀಗೆ ಇಟ್ಟೆ. ರಾಶಿಗೆ ಕಪ್ಪು, ಏಕೆಂದರೆ ಎಲ್ಲರೂ ಮೊದಲು ಹುಡುಕುವುದು ಅದನ್ನೇ. ಬೆಟ್ಟೆಗೆ ನೀಲಿ (0, 114, 178), ಅದರ ಬೂದು 87. ಕೆಂಪುಗೋಟಿಗೆ ಕೆಂಪು ಬೆರೆತ ಕಿತ್ತಳೆ (213, 94, 0), ಬೂದು 119. ಚಾಲಿಗೆ ಕಿತ್ತಳೆ. ಬಿಳೆಗೋಟಿಗೆ ಆಕಾಶನೀಲಿಯೇ, ಆದರೆ ಗೆರೆ ತುಂಡು ತುಂಡು. ಹಳದಿಯನ್ನು ಕೈಬಿಟ್ಟೆ, ಬಿಳಿ ಕಾಗದದ ಮೇಲೆ ತೆಳು ಹಳದಿ ಗೆರೆ ಇದ್ದೂ ಇಲ್ಲದ ಹಾಗೆ. ಪ್ರತಿ ಗೆರೆಯ ತುದಿಯಲ್ಲಿ ಹೆಸರನ್ನೂ ಬರೆಯುತ್ತೇನೆ.

ನಮ್ಮ ಜಿಲ್ಲೆಯ ಮಳೆಯ ನಕ್ಷೆ ಮಾಡುವುದಾದರೆ ಅದಕ್ಕೆ ಇದೇ ಪ್ಯಾಲೆಟ್ ಹಾಕಬಾರದು. ಅಡಿಕೆಯ ಜಾತಿಗಳಲ್ಲಿ ಹೆಚ್ಚು-ಕಡಿಮೆ ಎನ್ನುವ ಕ್ರಮ ಇಲ್ಲ, ಮಳೆಯಲ್ಲಿ ಇದೆ. ಕಾರವಾರ, ಹೊನ್ನಾವರ, ಭಟ್ಕಳದ ಕಡೆ ಮಳೆ ವಿಪರೀತ. ಘಟ್ಟ ಹತ್ತಿ ಮುಂಡಗೋಡ, ಹಳಿಯಾಳದ ಕಡೆ ಹೋದರೆ ಅದರ ಅರ್ಧವೂ ಇಲ್ಲ. ಇದಕ್ಕೆ ತಿಳಿಯಿಂದ ಗಾಢಕ್ಕೆ ಒಂದೇ ದಿಕ್ಕಿನಲ್ಲಿ ಹೋಗುವ ಬಣ್ಣ ಬೇಕು. ಕಾಮನಬಿಲ್ಲಿನ ಬಣ್ಣ ಹಾಕಿದರೆ ನಡುವೆ ಬರುವ ಹಳದಿ ಪಟ್ಟಿ ಎದ್ದು ಕಾಣುತ್ತದೆ. ಶಿರಸಿಗೂ ಯಲ್ಲಾಪುರಕ್ಕೂ ನಡುವೆ ಇಲ್ಲದ ಗಡಿಯೊಂದು ಹುಟ್ಟಿಕೊಳ್ಳುತ್ತದೆ. ಪೈಥಾನ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ, ಬಣ್ಣ ಹೇಳದಿದ್ದರೆ ಬರುವುದು ತುಂಬಾ ಕಾಲ ಅಂಥ ‘ಜೆಟ್’ ಪ್ಯಾಲೆಟ್ಟೇ ಆಗಿತ್ತು. 2017ರಲ್ಲಿ 2.0 ಆವೃತ್ತಿ ಬಂದಾಗ ಗಾಢದಿಂದ ತಿಳಿಗೆ ಒಂದೇ ದಿಕ್ಕಿನಲ್ಲಿ ಹೋಗುವ ‘ವಿರಿಡಿಸ್’ ಅದರ ಜಾಗಕ್ಕೆ ಬಂತು. ಆರ್‌ನಲ್ಲಿ ಎಚ್‌ಸಿಎಲ್ ಕಲರ್ಸ್ ಫಂಕ್ಷನ್ ಇಂಥವನ್ನು ಕೊಡುತ್ತದೆ.

ಈಗ ಅಡಿಕೆಯ ಇನ್ನೆರಡು ಬಗೆ, ಕೋಕಾ ಮತ್ತು ತಟ್ಟಿಬೆಟ್ಟೆಯನ್ನೂ ಗ್ರಾಫಿಗೆ ಸೇರಿಸಿ ಅಂತ ಕೇಳುತ್ತಿದ್ದಾರೆ. ಕಾಳುಮೆಣಸೂ ಬೇಕಂತೆ. ಅದಕ್ಕೆಲ್ಲ ಹೊಸ ಬಣ್ಣ ಹುಡುಕುವುದಿಲ್ಲ. ಐದು ದಾಟಿದರೆ ಒಂದೇ ಚೌಕದಲ್ಲಿ ಯಾವ ಪ್ಯಾಲೆಟ್ಟೂ ಉಳಿಯುವುದಿಲ್ಲ. ಪ್ರತಿಯೊಂದಕ್ಕೂ ಒಂದು ಸಣ್ಣ ಚೌಕ, ಒಳಗೆ ಕಪ್ಪು ಗೆರೆ, ಹಿಂದೆ ತಿಳಿ ಬೂದು ಬಣ್ಣದಲ್ಲಿ ಉಳಿದವು. ಜಿಜಿಪ್ಲಾಟ್2ನ ಫೇಸೆಟ್ ರ್‍ಯಾಪ್ (facet_wrap) ಫಂಕ್ಷನ್ನಿನಲ್ಲಿ ಅದನ್ನು ಮಾಡುತ್ತಿದ್ದೇನೆ.