ನೀವು ಕ್ರೈಸ್ತರೆಂದು ಜನರಿಗೆ ಹೇಗೆ ಗೊತ್ತಾಗಬೇಕು?

ಈ ಪ್ರಶ್ನೆಯನ್ನು ನನಗೆ ಎರಡು ಬಗೆಯ ಜನ ಕೇಳುತ್ತಾರೆ. ಮೊದಲನೆಯವರು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಹಿರಿಯರು. ಹುಬ್ಬಳ್ಳಿಯ ನನ್ನ ಸಣ್ಣ ಮುದ್ರಣಾಲಯಕ್ಕೆ ಬಂದು, ಗೋಡೆಗಳ ಮೇಲೆಲ್ಲ ಕಣ್ಣಾಡಿಸಿ, "ಒಂದು ಶಿಲುಬೆ ಇಲ್ಲ, ಒಂದು ಬೈಬಲ್ ವಾಕ್ಯ ಇಲ್ಲ. ನಿಮ್ಮ ಸಾಕ್ಷಿ ಎಲ್ಲಿದೆ ಬ್ರದರ್?" ಎನ್ನುತ್ತಾರೆ. ಎರಡನೆಯವರು ಗಿರಾಕಿಗಳು. ಲಗ್ನಪತ್ರಿಕೆಯ ಕರಡು ತಿದ್ದುತ್ತ ಕುಳಿತಾಗ ಹೇಗೋ ಮಾತು ಹೊರಟು, "ಅರೆ, ನೀವು ಕ್ರಿಶ್ಚಿಯನ್ನರೇ? ಗೊತ್ತೇ ಆಗಲಿಲ್ಲವಲ್ಲ" ಎಂದು ಬೆರಗಾಗುತ್ತಾರೆ. ನನ್ನದು ಅಚ್ಚಗನ್ನಡದ ಹೆಸರು. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾಲದಿಂದ ಸಭೆಯಲ್ಲಿರುವ ಅನೇಕ ಮನೆತನಗಳಲ್ಲಿ ಹಾಗೆಯೇ.

ಇಬ್ಬರಿಗೂ ನನ್ನ ಉತ್ತರ ಒಂದೇ. ನಾನು ಯಾರಿಗೆ ಏನು ಸಲ್ಲಿಸಬೇಕೋ ಅದನ್ನು ಸಲ್ಲಿಸಿದ್ದೇನೆಯೇ ಎಂಬುದು ಊರಿಗೆಲ್ಲ ಕಾಣಲಿ. ನಾನಾಗಿ ಕೊಟ್ಟದ್ದು ಯಾರಿಗೂ ಕಾಣುವುದು ಬೇಡ.

ಯೇಸುವಿನ ಪರ್ವತ ಪ್ರಸಂಗದಲ್ಲಿ ಎರಡೂ ಮಾತುಗಳಿವೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ದೀಪವನ್ನು ದೀಪಸ್ತಂಭದ ಮೇಲಿಡಿ, ಜನ ನಿಮ್ಮ ಒಳ್ಳೆಯ ಕೆಲಸಗಳನ್ನು ನೋಡಲಿ ಎಂದಿದೆ. ಪುಟ ತಿರುವಿದರೆ ಆರನೆಯ ಅಧ್ಯಾಯದಲ್ಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದಿದೆ. ಇದು ವಿರೋಧವಲ್ಲವೇ ಎಂದು ನಮ್ಮ ಯೌವನಸ್ಥರ ಕೂಟದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಕೂಲಿ, ಸಾಲ, ಅಳತೆ, ಕೊಟ್ಟ ಮಾತು ಇವೆಲ್ಲ ಇನ್ನೊಬ್ಬರ ಹಕ್ಕು. ಅವನ್ನು ಸಲ್ಲಿಸಿದರೂ ಕಾಣುತ್ತದೆ, ನುಂಗಿದರೂ ಕಾಣುತ್ತದೆ. ದಾನ ಮಾತ್ರ ಬಚ್ಚಿಡಲು ಬರುವಂಥದ್ದು. ಈ ವಿಂಗಡಣೆ ನನ್ನದು, ಯಾವ ಸಭಾಪಾಲಕರೂ ಬೋಧಿಸಿದ್ದಲ್ಲ. ಅಂಗಡಿ ನಡೆಸುವವನಿಗೆ ಇದು ಬೇಗ ಹೊಳೆಯುತ್ತದೆ, ಅಷ್ಟೇ.

70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದಕ್ಕೆ ದರ ಹೇಳಿ ಅದಕ್ಕಿಂತ ತೆಳುವಾದ 60ರದ್ದನ್ನು ಹಾಕಿದರೆ ಬಹುತೇಕ ಗಿರಾಕಿಗಳಿಗೆ ತಿಳಿಯುವುದಿಲ್ಲ. ಸಾವಿರ ಪ್ರತಿಯ ಬಿಲ್ಲಿಗೆ ಒಂಬೈನೂರೈವತ್ತನ್ನು ಕಟ್ಟಿ ಕಳುಹಿಸಿದರೆ ಯಾರೂ ಎಣಿಸುವುದಿಲ್ಲ. ಆದರೆ ಯಂತ್ರ ನಡೆಸುವ ಹುಡುಗನಿಗೆ ತಿಳಿದಿರುತ್ತದೆ, ಹಾಳೆ ಮಡಚುವ ಹೆಂಗಸರಿಗೆ ತಿಳಿದಿರುತ್ತದೆ. ನನ್ನ ನಡತೆ ದಿನಾ ಕಾಣುವುದು ಅವರಿಗೆ, ಭಾನುವಾರ ಪಕ್ಕದ ಬೆಂಚಿನಲ್ಲಿ ಕೂರುವವರಿಗಲ್ಲ.

ಚುನಾವಣೆ ಬಂದರೆ ಪರೀಕ್ಷೆ ಇನ್ನೂ ಬಿಗಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಪ್ರತಿಯೊಂದು ಚುನಾವಣಾ ಕರಪತ್ರದ ಮೇಲೂ ಮುದ್ರಕನ, ಪ್ರಕಾಶಕನ ಹೆಸರು ವಿಳಾಸ ಇರಬೇಕು. ಪ್ರಕಾಶಕನಿಂದ ಸಹಿ ಮಾಡಿದ ಘೋಷಣಾ ಪತ್ರ ಪಡೆಯಬೇಕು, ಎಷ್ಟು ಪ್ರತಿ, ಎಷ್ಟು ಹಣ ಎಂಬ ಲೆಕ್ಕ ಅಧಿಕಾರಿಗಳಿಗೆ ಹೋಗಬೇಕು. ಅಭ್ಯರ್ಥಿಯ ಖರ್ಚಿಗೆ ಮಿತಿ ಇರುವುದರಿಂದ ಅವರ ಕಡೆಯವರು ಬಂದು, "ಐವತ್ತು ಸಾವಿರ ಹೊಡೆಯಿರಿ, ಐದು ಸಾವಿರ ಎಂದು ಬರೆಯಿರಿ, ಮಿಕ್ಕದ್ದು ನಗದು" ಎನ್ನುತ್ತಾರೆ. ನಾನು ಒಲ್ಲೆ ಎನ್ನುತ್ತೇನೆ, ಕೆಲಸ ಪಕ್ಕದ ಬೀದಿಗೆ ಹೋಗುತ್ತದೆ. ಎಲ್ಲ ಪಕ್ಷಗಳ ಕಾರ್ಯಕರ್ತರೂ ಇದರಲ್ಲಿ ಒಂದೇ. ನನ್ನ ಧರ್ಮ ಯಾವುದೆಂದು ಅವರಿಗೆ ತಿಳಿಯದು. "ಆ ತಲೆನೋವಿನ ಪ್ರೆಸ್ಸು" ಎಂದು ಮಾತ್ರ ಚೆನ್ನಾಗಿ ತಿಳಿದಿದೆ. ನನಗೆ ಅಷ್ಟು ಸಾಕು.

ಗೋಡೆಗೆ ವಾಕ್ಯ ಬೇಕೇ ಬೇಕು ಎನ್ನುವ ಹಿರಿಯರಿಗೆ ನಾನು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ, ನಾಲ್ಕನೆಯ ವಚನವನ್ನು ತೋರಿಸುತ್ತೇನೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತಿದೆ ಎನ್ನುವ ಆ ಮಾತನ್ನು ತೂಗುಹಾಕಲು ನಾನು ಸಿದ್ಧ, ಆದರೆ ಗಿರಾಕಿಗೆ ಕಾಣುವಂತಲ್ಲ, ನನ್ನ ಕುರ್ಚಿಯ ಎದುರಿಗೆ. ಇದುವರೆಗೆ ಯಾರೂ ಆ ವಾಕ್ಯದ ಫಲಕವನ್ನು ಉಡುಗೊರೆ ಕೊಟ್ಟಿಲ್ಲ.

ಜಕ್ಕಾಯನ ಕಥೆಯನ್ನೇ ನೋಡಿ. ಯೆರಿಕೋವಿನ ಈ ಸುಂಕದವನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದದ್ದನ್ನು ಪ್ರಸಂಗಿಗಳು ಹಿಗ್ಗಿ ಹೇಳುತ್ತಾರೆ. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದು ಅವಸರದಲ್ಲಿ ದಾಟಿಹೋಗುತ್ತದೆ. ನನಗೆ ಆ ಎರಡನೆಯ ಮಾತೇ ದೊಡ್ಡದು. ಹಂಚಿದ್ದನ್ನು ಊರು ಮರೆತೀತು. ಸುಲಿದ ಮನೆಯ ಬಾಗಿಲಿಗೇ ಬಂದು ಹಣ ಎಣಿಸಿಕೊಟ್ಟ ಸುಂಕದವನನ್ನು ಯಾರು ಮರೆಯುತ್ತಾರೆ?

ದಾನವನ್ನು ಮರೆಮಾಡಬೇಕು ಎನ್ನಲು ನಮ್ಮದೇ ಚರಿತ್ರೆಯ ಕಾರಣವೂ ಇದೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದ ಅನೇಕರು ಮನೆ, ಕಸುಬು ಎರಡನ್ನೂ ಕಳೆದುಕೊಂಡಾಗ ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ಹೀಗೆ ಉದ್ಯೋಗಗಳನ್ನು ಬೆಳೆಸಿದರು. ಭಿಕ್ಷೆ ಕೊಡದೆ ಕೂಲಿ ಕೊಟ್ಟದ್ದು ಮೆಚ್ಚತಕ್ಕ ವಿಷಯ. ಆದರೂ ಸಭೆಯೂ ಸಂಬಳವೂ ಒಂದೇ ಕೈಯಲ್ಲಿದ್ದರೆ ಯಾರ ಭಕ್ತಿ ಎಲ್ಲಿಂದ ಬಂತೆಂದು ಹೊರಗಿನವರಿಗೆ ಸಂಶಯ ಬಾರದೆ ಇದ್ದೀತೇ? ಆ ಸಂಶಯ ಇಂದಿಗೂ ಹೋಗಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದರ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಮಾತು. ಕ್ರಿಸ್‌ಮಸ್ ಬಂತೆಂದರೆ ಕಂಬಳಿ ಪಡೆದ ಮುದುಕಿಯನ್ನು ಸಂಘದ ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದಕ್ಕೆ ಯಾವ ಕಾಯ್ದೆಯ ನೆಪವೂ ಇಲ್ಲ. ಬ್ಯಾನರಿನ ವ್ಯಾಪಾರ ನನ್ನದೇ ಆದರೂ ಹೇಳುತ್ತೇನೆ.

ನನ್ನ ಈ ಲೆಕ್ಕಕ್ಕೆ ಸಿಗದ ಒಂದು ಉದಾಹರಣೆ ಇದೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ದುಡಿಯುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಮನೋಹರಪುರದಲ್ಲಿ ವಾಹನದೊಳಗೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಕ್ಷಮೆಯನ್ನು ಅವರು ಯಾರಿಗೂ ಸಲ್ಲಿಸಬೇಕಾಗಿರಲಿಲ್ಲ. ಅದು ಅಪ್ಪಟ ಕೊಡುಗೆ, ಆದರೂ ದೇಶಕ್ಕೆಲ್ಲ ಕಂಡಿತು. ಕೆಲವು ಕೊಡುಗೆಗಳನ್ನು ಬಚ್ಚಿಡಲು ಬರುವುದಿಲ್ಲವೇನೋ. ಆದರೆ ಆ ಮಾತಿಗೆ ತೂಕ ಬಂದದ್ದು ನಂತರದ ವರ್ಷಗಳಿಂದ ಎಂದು ನನ್ನ ಎಣಿಕೆ. ಅವರು ಕೂಡಲೇ ಗಂಟುಮೂಟೆ ಕಟ್ಟಲಿಲ್ಲ, 2004ರವರೆಗೆ ಅಲ್ಲೇ ಇದ್ದು ರೋಗಿಗಳ ಆರೈಕೆಯನ್ನು ನಡೆಸಿದರು. ಮರುವರ್ಷ ಪದ್ಮಶ್ರೀ ಬಂತು.

ಹಾಗಾದರೆ ಬಾಯಿ ಬಿಡುವುದೇ ಬೇಡವೇ? ಸುವಾರ್ತೆ ಸಾರಿರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿರಿ ಎಂದು ಅಸಿಸಿಯ ಸಂತ ಫ್ರಾನ್ಸಿಸ್ ಹೇಳಿದರೆಂಬ ವಾಕ್ಯ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸದಾ ಓಡಾಡುತ್ತಿರುತ್ತದೆ. ಅದು ಅವರ ಯಾವ ಬರಹದಲ್ಲೂ ಇಲ್ಲ, ಅವರಂತೂ ಊರೂರು ಸುತ್ತಿ ಬಾಯಿ ತುಂಬ ಬೋಧಿಸಿದವರು. ಪೇತ್ರನ ಮೊದಲ ಪತ್ರಿಕೆಯ ಸಲಹೆ ನನಗೆ ಹೆಚ್ಚು ಒಪ್ಪುತ್ತದೆ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸಾತ್ವಿಕರಾಗಿ ಕೊಡಿರಿ. ಗಿರಾಕಿ ಕೇಳಿದರೆ ಹೇಳುತ್ತೇನೆ, ಕರಡು ತಿದ್ದಿ ಮುಗಿಯುವುದರೊಳಗೆ ಮುಗಿಸುತ್ತೇನೆ.

ಇನ್ನು ಸಾಕ್ಷಿ ಕೇಳುವ ನಮ್ಮವರು. ಉಜ್ಜೀವನ ಕೂಟದ ಕರಪತ್ರ, ಹಾಡಿನ ಪುಸ್ತಕ ಮಾಡಿಸಿಕೊಂಡು ಹೋಗಿ ತಿಂಗಳುಗಟ್ಟಲೆ ಬಾಕಿ ಇಡುವವರಲ್ಲಿ ಇವರೇ ಮುಂದು. "ಕರ್ತನ ಕೆಲಸ ಬ್ರದರ್, ಕಾಣಿಕೆ ಎಂದು ಬಿಟ್ಟುಬಿಡಿ" ಎನ್ನುತ್ತಾರೆ. ಕಾಣಿಕೆ ಕೊಡುವುದಿದ್ದರೆ ಭಾನುವಾರ ಚೀಲಕ್ಕೆ ಹಾಕುತ್ತೇನೆ. ಸೋಮವಾರ ಬಿಲ್ಲನ್ನು ಮತ್ತೆ ಕಳುಹಿಸುತ್ತೇನೆ, ಏಕೆಂದರೆ ಆ ಮೊತ್ತದಲ್ಲಿ ಬೈಂಡಿಂಗಿನ ಹೆಂಗಸರ ಕೂಲಿಯೂ ಸೇರಿದೆ.