ಒಂದು ಯೂನಿಟ್ ಕರೆಂಟಿಗೆ ಬೋರ್‌ವೆಲ್ ನೀರು ಎಷ್ಟು ಮೇಲೇರುತ್ತದೆ?

ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಸಾವಿರ ಲೀಟರ್ ನೀರು ಸಾವಿರ ಕಿಲೋ ತೂಗುತ್ತದೆ. ಅದನ್ನು ಒಂದು ಮೀಟರ್ ಎತ್ತಲು 9,810 ಜೂಲ್ ಬೇಕು. ಭಾಗಿಸಿದರೆ 367 ಮೀಟರ್, ಸುಮಾರು 1,200 ಅಡಿ. ಲೆಕ್ಕ ಸರಿ, ಆದರೆ ಬೋರಿನಲ್ಲಿ ಇಷ್ಟು ಸಿಗುವುದಿಲ್ಲ. ಮೋಟಾರ್ ಬಿಸಿಯಾಗುವುದರಲ್ಲಿ, ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸಂದುಗಳಲ್ಲಿ ನೀರು ಹಿಂದಕ್ಕೆ ಸೋರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವುದು ಸಾಮಾನ್ಯ.

ನಿಮ್ಮ ಪಂಪಿನಲ್ಲಿ ಎಷ್ಟು ಉಳಿಯುತ್ತದೆಂದು ತಿಳಿಯಲು ಮೂರು ಅಳತೆ ಸಾಕು: ನೀರು, ಕರೆಂಟು, ಎತ್ತರ.

ನೀರು ಬೀಳುವ ಜಾಗದಲ್ಲೇ 200 ಲೀಟರ್ ಡ್ರಮ್ ಇಟ್ಟು ಹಿಡಿಯಿರಿ. 100 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್. ಅದೇ ಹೊತ್ತಿನಲ್ಲಿ ಕರೆಂಟ್ ಮೀಟರಿನ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ. ಮೀಟರಿನ ಮೇಲೆ ಯೂನಿಟ್ಟಿಗೆ 800 ಎಂದಿದ್ದು 138 ಸಲ ಮಿನುಗಿದರೆ 0.1725 ಯೂನಿಟ್, ಅಂದರೆ 6.2 ಕಿಲೋವ್ಯಾಟ್. ಮೀಟರ್ ಇಲ್ಲದಿದ್ದರೆ ಕಿಲೋವ್ಯಾಟ್ ತೋರಿಸುವ ಕ್ಲ್ಯಾಂಪ್ ಮೀಟರ್ ತನ್ನಿ. ಬರೀ ಆಂಪಿಯರ್ ನೋಡಿ ಲೆಕ್ಕ ಹಾಕಿದರೆ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಿಟ್ಟುಹೋಗುತ್ತದೆ.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಪಂಪನ್ನು 170 ಮೀಟರ್ ಆಳಕ್ಕೆ ಇಳಿಸಿದ್ದೇವೆಂದು 170 ಹಿಡಿಯುತ್ತಾರೆ. ಪಂಪಿನ ಮೇಲೆ ನಿಂತ ನೀರು ತಾನೇ ಅದನ್ನು ಒತ್ತುತ್ತಿರುತ್ತದೆ. ಪಂಪ್ ಎತ್ತುವುದು ನೀರಿನ ಮಟ್ಟದಿಂದ ಮಾತ್ರ. ಅದೂ ಬೆಳಿಗ್ಗೆಯ ನಿಂತ ಮಟ್ಟವಲ್ಲ, ಪಂಪ್ ಓಡಿ ಇಳಿದು ಸ್ಥಿರವಾದ ಮಟ್ಟ. ಇದನ್ನು ಅಳೆಯಲು ಪಂಪ್ ಇಳಿಸುವಾಗಲೇ ಜೊತೆಗೆ ಸಣ್ಣ ನಳಿಕೆಯೊಂದನ್ನು ಬಿಡಬೇಕು, ಇದನ್ನಂತೂ ಯಾರೂ ತಪ್ಪಿಸಬಾರದು. ನಳಿಕೆಯ ತುದಿ 165 ಮೀಟರಿನಲ್ಲಿದೆ ಎನ್ನಿ. ಅದಕ್ಕೆ ಮೇಲಿನಿಂದ ಗಾಳಿ ತುಂಬುತ್ತಾ ಹೋದಾಗ ಒತ್ತಡದ ಗೇಜಿನ ಮುಳ್ಳು ಚದರ ಸೆಂಟಿಮೀಟರಿಗೆ 4.5 ಕಿಲೋಗೆ ನಿಂತರೆ, ಒಂದು ಕಿಲೋಗೆ 10 ಮೀಟರಿನಂತೆ ತುದಿಯ ಮೇಲೆ 45 ಮೀಟರ್ ನೀರಿದೆ. ಮಟ್ಟ 120 ಮೀಟರ್.

ಹೊಂಡಕ್ಕೆ ನೀರು ಬಿಡುವ ಪೈಪು ನೆಲದಿಂದ 2 ಮೀಟರ್ ಮೇಲಿದ್ದು, ಪೈಪಿನ ಘರ್ಷಣೆಗೆ 8 ಮೀಟರ್ ಸೇರಿಸಿದರೆ ಒಟ್ಟು ಹೆಡ್, ಅಂದರೆ ಪಂಪ್ ಎತ್ತಬೇಕಾದ ಲೆಕ್ಕದ ಎತ್ತರ, 130 ಮೀಟರ್. ನೀರಿಗೆ ಸೇರಿದ ಶಕ್ತಿ 2 × 9.81 × 130, ಅಂದರೆ 2,551 ವ್ಯಾಟ್. ಒಳಹೋದದ್ದು 6,200. ದಕ್ಷತೆ ಶೇ. 41, ಯೂನಿಟ್ಟಿಗೆ ಸಾವಿರ ಲೀಟರ್ ಏರುವುದು ಸುಮಾರು 150 ಮೀಟರ್. 120ರ ಬದಲು 170 ಹಾಕಿದ್ದರೆ ದಕ್ಷತೆ ಶೇ. 57 ಬಂದು, ಇಂಪೆಲ್ಲರ್ ಸವೆದ ಪಂಪೂ ಚೆನ್ನಾಗಿದೆ ಎಂದೇ ಕಾಣುತ್ತಿತ್ತು.

ಶಕ್ತಿಯ ಲೆಕ್ಕ ಹೇಳದ ಸಂಗತಿಯೊಂದಿದೆ. ಪ್ರತಿ ಪಂಪಿಗೂ ಅದರ ಸ್ಟೇಜುಗಳಿಗೆ (ಒಂದರ ಮೇಲೊಂದು ಜೋಡಿಸಿದ ಇಂಪೆಲ್ಲರ್‌ಗಳ ಸಂಖ್ಯೆಗೆ) ತಕ್ಕ ಗರಿಷ್ಠ ಹೆಡ್ ಇರುತ್ತದೆ. ಅದನ್ನು ಮೀರಿದರೆ ಎಷ್ಟು ಯೂನಿಟ್ ಸುಟ್ಟರೂ ಹನಿ ನೀರು ಮೇಲೆ ಬಾರದು. ಒಳಗಿನ ನೀರು ಬಿಸಿಯಾಗುತ್ತದೆ ಅಷ್ಟೆ. ಡ್ರಿಪ್ ಜೋಡಿಸಿ ಫಿಲ್ಟರ್ ಬಳಿ 1.5 ಕಿಲೋ ಒತ್ತಡ ಬೇಕೆಂದರೆ ಹೆಡ್‌ಗೆ ಇನ್ನೂ 15 ಮೀಟರ್ ಸೇರುತ್ತದೆ. ಆ ಹೆಡ್‌ನಲ್ಲಿ ಪಂಪ್ ಎಷ್ಟು ನೀರು ಕೊಡುತ್ತದೆಂದು ಕಂಪನಿಯ ಕೋಷ್ಟಕದಲ್ಲಿ ನೋಡಿಯೇ ಪೈಪು ಕೊಳ್ಳಿ.