ಇಳಿಸದೆ ಮೇಲೇರಿಸಿದ ದಿನ

ಮಗಳು ಸಣ್ಣ ವಿಮಾನ ಹಾರಿಸೋದು ಕಲಿಯುತ್ತಿದ್ದಾಳೆ. ಯುಗಾದಿಗೆ ಚಿಕ್ಕಬಳ್ಳಾಪುರಕ್ಕೆ ಬಂದಿದ್ದಳು. ಊಟಕ್ಕೆ ಕೂತಾಗ, ಒಬ್ಬಳೇ ಹಾರುವಾಗ ಇಳಿಸಲು ಬಂದು, ಸರಿಹೋಗದೆ ಮತ್ತೆ ಮೇಲೇರಿಸಿದೆ ಎಂದಳು. "ಇಳಿಸೋಕೆ ಬರಲಿಲ್ವೇನಮ್ಮಾ?" ಎಂದು ನಮ್ಮಣ್ಣ ನಕ್ಕ. ಹುಡುಗಿ ತಟ್ಟೆ ನೋಡುತ್ತಾ ಸುಮ್ಮನಾದಳು. ನನಗೆ ಸಂಕಟವಾಯಿತು.

ಸಂಜೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ರನ್‌ವೇ ಬರೆದು ತೋರಿಸಿದಳು. ಅವಳದು ಸೆಸ್ನಾ 172. ಇಳಿಯಲು ಬರುವಾಗ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್ ಇರಬೇಕು. ಹೆಚ್ಚಾದರೆ ವಿಮಾನ ನೆಲ ಮುಟ್ಟದೆ ತೇಲುತ್ತಲೇ ಹೋಗುತ್ತದೆ, ರನ್‌ವೇ ಮುಗಿಯುತ್ತಾ ಬರುತ್ತದೆ. ಅವಸರಕ್ಕೆ ಮೂತಿ ಕೆಳಗೊತ್ತಿದರೆ ಮುಂದಿನ ಚಕ್ರ ಮೊದಲು ಬಡಿದು ಪುಟಿಯುತ್ತದೆ. ವೇಗ ಕಡಿಮೆಯಾದರೆ ಇನ್ನೂ ಅಪಾಯ. ಕೊನೆಯ ತಿರುವಿನಲ್ಲಿ ರನ್‌ವೇ ದಾಟಿಹೋಯಿತೆಂದು ಗಾಬರಿಯಾಗಿ ಜಾಸ್ತಿ ವಾಲಿಸಿ ಮೂತಿ ಮೇಲಕ್ಕೆಳೆದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವುದಿಲ್ಲ. ಅಷ್ಟು ಕೆಳಗೆ ಸುಧಾರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ. ಕಣ್ಣೂ ಮೋಸ ಮಾಡುತ್ತದಂತೆ: ರನ್‌ವೇ ಕಿರಿದಾಗಿದ್ದರೆ ತುಂಬ ಮೇಲಿದ್ದೇವೆ ಅನಿಸಿ ಬೇಕಾದ್ದಕ್ಕಿಂತ ಕೆಳಗೆ ಬಂದುಬಿಡುತ್ತಾರೆ.

ನನಗೆ ಮಂಗಳೂರಿನ ವಿಮಾನ ದುರಂತ ನೆನಪಾಯಿತು. ಅದು ದೊಡ್ಡ ವಿಮಾನ, ಆದರೆ ತಪ್ಪಿದ್ದು ಇದೇ ಲೆಕ್ಕ. 2010ರ ಮೇ 22ರಂದು ಅತಿ ಎತ್ತರದಲ್ಲಿ ಬಂದ ವಿಮಾನವನ್ನು, ಮೇಲೇರಿಸಿ ಎಂದು ಸಹ ಪೈಲಟ್ ಹೇಳುತ್ತಿದ್ದರೂ ಕ್ಯಾಪ್ಟನ್ ಇಳಿಸಲು ಹೋದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಮೇಲೇರಿಸಿದ್ದರೆ ಆಗುತ್ತಿದ್ದದ್ದು ಕೆಲವು ನಿಮಿಷ ತಡ, ಅಷ್ಟೆ.

ಕೆಳಗಿಳಿದು ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಬಾಗೇಪಲ್ಲಿ ರೂಟಿನಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವನು. ಸ್ವಲ್ಪ ಹೊತ್ತು ಯೋಚಿಸಿ, "ಓವರ್‌ಟೇಕ್‌ಗೆ ನುಗ್ಗಿದ ಮೇಲೆ ಎದುರಿಗೆ ಲಾರಿ ಕಂಡ್ರೆ ವಾಪಸ್ ಹಿಂದಕ್ಕೆ ಬರೋಕೆ ಎಲ್ಲರಿಗೂ ಮನಸ್ಸು ಬರಲ್ಲ" ಎಂದ. ಆಮೇಲೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೇಲೇರಿಸೋದು ಹೇಗೆ ಎಂದು ಕೇಳಿದ.

"ಎಂಜಿನ್ ಶಕ್ತಿ ಹೆಚ್ಚಿಸೋ ಥ್ರಾಟಲ್ ಪೂರ್ತಿ ಕೊಡ್ಬೇಕು ಮಾವ. ಮೂತಿ ತಾನಾಗಿ ಮೇಲೇಳುತ್ತೆ, ಒತ್ತಿ ಹಿಡೀಬೇಕು. ಇಳಿಯೋಕೆ ಅಂತ ರೆಕ್ಕೆಯ ಹಿಂದೆ ಕೆಳಗಿಳಿಸಿರೋ ಪಟ್ಟಿ, ಅಂದ್ರೆ ಫ್ಲಾಪ್, ಹಂತಹಂತವಾಗಿ ಮೇಲಕ್ಕೆತ್ತಬೇಕು. ಒಂದೇ ಸಲಕ್ಕೆ ಎತ್ತಿದ್ರೆ ವಿಮಾನ ಕುಸಿಯುತ್ತೆ."

ಈಗ ಅವಳು ಫೋನ್ ಮಾಡಿದಾಗ, ಚೆನ್ನಾಗಿ ಇಳಿಸಿದೆಯಾ ಎಂದಷ್ಟೇ ಕೇಳುವುದಿಲ್ಲ. ಬೇಡವೆಂದು ಮೇಲೇರಿಸಿದ್ದುಂಟಾ ಎಂದೂ ಕೇಳುತ್ತೇನೆ. ಹೂಂ ಎಂದರೆ ಅಣ್ಣನಿಗೂ ಫೋನ್ ಮಾಡಿ ತಿಳಿಸುತ್ತೇನೆ.